ಸಾಲಿಯ ಹೊಸ್ತಿಲುಗಳು

ಬೆಳಗಾವಿ ಜಿಲ್ಲೆ ಎಷ್ಟು ದೊಡ್ಡದೆಂದರೆ, ಶಿಕ್ಷಣ ಇಲಾಖೆ ಅದನ್ನು ಒಂದೇ ಜಿಲ್ಲೆಯೆಂದು ಒಪ್ಪಿಕೊಂಡೇ ಇಲ್ಲ. ಜಿಲ್ಲಾಧಿಕಾರಿಗಳು ಒಬ್ಬರೇ. ಆದರೆ ಸಾಲಿಗಳ ಮಟ್ಟಿಗೆ ಉಪನಿರ್ದೇಶಕರು ಇಬ್ಬರು, ಒಬ್ಬರು ಬೆಳಗಾವಿಯಲ್ಲಿ, ಇನ್ನೊಬ್ಬರು ಚಿಕ್ಕೋಡಿಯಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಬೇರೆ ಬೇರೆ ಅಂಕಿ ಕಾಣುವುದು ಇದರಿಂದಲೇ. ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ಚಿಕ್ಕೋಡಿಯ ಪಾಲಿಗೆ ಬರುತ್ತವೆ. ನನ್ನ ನೌಕರಿಯ ಮೂವತ್ತು ಚಿಲ್ಲರೆ ವರ್ಷಗಳು ಈ ಮೂರು ಊರುಗಳ ಸುತ್ತಿನ ಹಳ್ಳಿಗಳಲ್ಲೇ ಕಳೆದವು. ಮೊದಲು ಹುಕ್ಕೇರಿ ಕಡೆ, ಆಮೇಲೆ ಮೂಡಲಗಿ ಕಡೆ, ಕೊನೆಗೆ ತವರೂರಾದ ಗೋಕಾಕ.

ಮಾಸ್ತರಿಕೆ ಅಂದರೆ ಖಡು, ಹಲಗೆ, ಮಕ್ಕಳು ಇಷ್ಟೇ ಎಂದು ತಿಳಿದವರೇ ಹೆಚ್ಚು. ನಾನೂ ಹಾಗೆಯೇ ತಿಳಿದು ಸೇರಿದವಳು. ಒಂದು ಹಳ್ಳಿಯ ಎರಡು ಕೋಣೆಯ ಸಾಲಿಗೆ ಒಬ್ಬ ಮಾಸ್ತರರು ಹೆಚ್ಚು ಬೇಕಾದರೆ ಆ ಕಾಗದ ಎಲ್ಲೆಲ್ಲಿ ತಿರುಗಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಊರಿನಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಚಿಕ್ಕೋಡಿಗೆ, ಅಲ್ಲಿಂದ ಧಾರವಾಡದ ಅಪರ ಆಯುಕ್ತರಿಗೆ, ಅದನ್ನೂ ದಾಟಿದರೆ ಬೆಂಗಳೂರಿಗೆ. ಪಕ್ಕದಲ್ಲಿ ಜಿಲ್ಲಾ ಪಂಚಾಯತಿಯ ದಾರಿ ಬೇರೆ. ಸಂಬಳದ ಹಣ ಆ ದಾರಿಯಿಂದ ಬರುತ್ತದೆ. ಮನೆಯಲ್ಲಿ ಅತ್ತೆ ಒಂದು ಹೇಳಿ, ಮಾವ ಒಂದು ಹೇಳಿ, ಅಡಿಗೆ ಮಾತ್ರ ಸೊಸೆ ಮಾಡುವ ಹಾಗೆ ಎಂದು ನಮ್ಮ ಹಿರಿಯ ಅಕ್ಕೋರು ಒಬ್ಬರು ನಗುತ್ತಿದ್ದರು.

ಈ ವ್ಯವಸ್ಥೆಗೆ ಒಂದು ಇತಿಹಾಸ ಇದೆ. ನಾವು ಹೆಣ್ಣುಮಕ್ಕಳು ಅದನ್ನು ತಿಳಿದುಕೊಳ್ಳಬೇಕು ಎಂದು ನನಗೆ ಅನಿಸುವುದಕ್ಕೆ ಕಾರಣವೂ ಇದೆ. ಹುಡುಗಿ ಯಾಕೆ ಸಾಲಿ ಬಿಟ್ಟಳು ಎಂದು ಕೇಳಿದರೆ ಎಲ್ಲರೂ ಬಡತನ, ಮದುವೆ, ಮನೆಗೆಲಸ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಸಾಲಿಯ ಕಟ್ಟಡದೊಳಗೇ ಹೊಸ್ತಿಲುಗಳಿದ್ದವು. ಒಂದು ಸಾಲಿ ಮುಗಿದು ಇನ್ನೊಂದು ಸಾಲಿ ಸುರುವಾಗುವ ಜಾಗ, ಒಬ್ಬ ಅಧಿಕಾರಿಯ ಕೈಯಿಂದ ಇನ್ನೊಬ್ಬರ ಕೈಗೆ ಮಗು ಹೋಗುವ ಜಾಗ. ಹುಡುಗಿಯರು ಹೆಚ್ಚಾಗಿ ನಿಂತದ್ದು ಅಲ್ಲೇ.

ನಮ್ಮ ಸೀಮೆ ಆಗ ಮುಂಬಯಿ ಇಲಾಖೆಯಲ್ಲಿತ್ತು. 1855ರಲ್ಲಿ ಮುಂಬಯಿ ಸರಕಾರ ಶಿಕ್ಷಣ ಖಾತೆಯನ್ನು ಬೇರೆಯಾಗಿ ತೆರೆಯಿತು. ಸಾಲಿ ನೋಡಲು ಇನ್‌ಸ್ಪೆಕ್ಟರರು, ಅವರ ಕೈಕೆಳಗೆ ಡೆಪ್ಯುಟಿ ಇನ್‌ಸ್ಪೆಕ್ಟರರು ಬಂದರು. ಆಗ ಕನ್ನಡ ಮಾತಾಡುವ ಊರುಗಳಲ್ಲೂ ಸಾಲಿಯ ಭಾಷೆ ಬಹುಪಾಲು ಮರಾಠಿ, ಕಚೇರಿಯ ಬರವಣಿಗೆ ಮೋಡಿ. ಇದನ್ನು ತಿರುಗಿಸಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು. ಹುಟ್ಟಿದ್ದು 1834ರಲ್ಲಿ, ತೀರಿಕೊಂಡದ್ದು 1881ರಲ್ಲಿ. ಐವತ್ತೂ ತುಂಬದ ಆ ಆಯುಷ್ಯದಲ್ಲಿ ಅವರು ಊರೂರು ತಿರುಗಿ ಕನ್ನಡ ಸಾಲಿ ತೆರೆಸಿದರು. ಜನ ಅವರ ಹುದ್ದೆಯನ್ನೇ ಹೆಸರಿನ ಮುಂದೆ ಕಟ್ಟಿಬಿಟ್ಟರು. ಒಬ್ಬ ಇನ್‌ಸ್ಪೆಕ್ಟರನ ಹುದ್ದೆ ಮನೆಮಾತಾದದ್ದು ನಮ್ಮ ಕಡೆ ಬಹುಶಃ ಅದೊಂದೇ ಸಲ. ಹುಕ್ಕೇರಿ ತಾಲೂಕಿನಲ್ಲಿ ಇಂದಿಗೂ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರಕಾರಿ ಸಾಲಿಗಳಿವೆ. ಮೂರನ್ನೂ ಒಬ್ಬರೇ ಅಧಿಕಾರಿ ನೋಡಬೇಕು. ಗಡಿಯಲ್ಲಿ ಕೆಲಸ ಮಾಡಿದವರಿಗೆ ಇದೇನು ಹೊಸದಲ್ಲ. ಸಂಕೇಶ್ವರದ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಷ್ಟರಲ್ಲಿ ಎರಡು ಭಾಷೆ ಬದಲಾಗುತ್ತವೆ.

1923ರಲ್ಲಿ ಮುಂಬಯಿಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದು, ಕೆಳಗಿನ ಸಾಲಿಗಳು ಜಿಲ್ಲೆಯ ಸ್ಥಳೀಯ ಸಂಸ್ಥೆಗಳ ಕೈಗೆ ಬಂದವು. ಸ್ಕೂಲ್ ಬೋರ್ಡು ಎಂಬ ಮಾತು ಆಗಿನದು. 1947ರ ಕಾಯ್ದೆಯಲ್ಲಿ ಬೋರ್ಡು ಉಳಿಯಿತು, ಜೊತೆಗೆ ಆಡಳಿತಾಧಿಕಾರಿ ಎಂಬ ಸರಕಾರದ ಮನುಷ್ಯನ ಕೈ ಬಲವಾಯಿತು. ನಮ್ಮ ಕಡೆಯ ಮುದುಕರು ಇವತ್ತಿಗೂ ಸರಕಾರಿ ಸಾಲಿಗೆ ‘ಬೋರ್ಡಿನ ಸಾಲಿ’ ಎನ್ನುವುದುಂಟು. ಗೋಡೆಯ ಮೇಲೆ ಕೆ.ಬಿ.ಎಸ್., ಕೆ.ಜಿ.ಎಸ್. ಎಂಬ ಅಕ್ಷರಗಳನ್ನು ನೀವೂ ನೋಡಿರಬಹುದು. ಕನ್ನಡ ಗಂಡುಮಕ್ಕಳ ಸಾಲಿ, ಕನ್ನಡ ಹೆಣ್ಣುಮಕ್ಕಳ ಸಾಲಿ. ಅದರ ಮುಂದೆ ನಂಬರು. ಊರಿನಲ್ಲಿ ದಾರಿ ಹೇಳುವಾಗಲೂ ‘ಒಂದನೇ ನಂಬರ್ ಸಾಲಿ ಹಿಂದ’ ಎಂದೇ ಹೇಳುತ್ತಾರೆ.

ನಮ್ಮ ಚಿಗವ್ವ ಆ ಬೋರ್ಡಿನ ಕಾಲದಲ್ಲಿ ಓದಿದವಳು. ದೀಪೋಟಿ ಸಾಹೇಬರು ಬರುವ ದಿನದ ಕತೆಯನ್ನು ಆಕೆ ಎಷ್ಟು ಸಲ ಹೇಳಿದರೂ ದಣಿಯುತ್ತಿರಲಿಲ್ಲ. ಹಿಂದಿನ ದಿನ ಹುಡುಗಿಯರೇ ಸೆಗಣಿ ತಂದು ಸಾಲಿ ಸಾರಿಸುವುದು. ಬಾಗಿಲಿಗೆ ಮಾವಿನೆಲೆ ತೋರಣ. ಮಾಸ್ತರರು ಕೋಟು ಹಾಕಿ ಬೆವರುತ್ತ ನಿಲ್ಲುವುದು. ಸಾಹೇಬರು ಸೈಕಲ್ಲಿನ ಮೇಲೆ ಬಂದು, ಮಗ್ಗಿ ಕೇಳಿ, ಶುದ್ಧಬರಹ ಹಾಕಿ, ಶೇರೆ ಪುಸ್ತಕದಲ್ಲಿ ಬರೆದು ಹೋಗುವುದು. ಊರಗೌಡರ ಮನೆಯಲ್ಲಿ ಅವರ ಊಟ, ಹೋಗುವಾಗ ಕರದಂಟಿನ ಪುಡಿಕೆ. ‘ನನ್ನ ಕೇಳಿದ್ರವಾ, ಹದಿನೇಳರ ಮಗ್ಗಿ. ತಡೀದ ಹೇಳಿದೆ. ಶಾಬಾಸ್ ಅಂದ್ರು’ ಎನ್ನುತ್ತಿದ್ದಳು. ಆಕೆಯ ಓದು ನಾಲ್ಕನೆಯ ಯತ್ತೆಗೆ ನಿಂತಿತು. ಯಾಕೆಂದು ಕೇಳಿದರೆ, ‘ಮುಂದ ಸಾಲಿನ ಇರಲಿಲ್ಲಲ್ಲ’ ಎಂಬ ಒಂದೇ ಮಾತು.

ಆ ಒಂದು ಮಾತಿನಲ್ಲಿ ಇಡೀ ವ್ಯವಸ್ಥೆ ಇದೆ. ಸಣ್ಣ ಹಳ್ಳಿಗೆ ಬೋರ್ಡು ಕೊಟ್ಟದ್ದು ನಾಲ್ಕನೆಯ ಯತ್ತೆಯ ತನಕದ ಸಾಲಿ. ಐದರಿಂದ ಏಳು ಬೇಕಾದರೆ ದೊಡ್ಡ ಊರು. ಏಳನೆಯದಕ್ಕೆ ಮುಲ್ಕಿ ಪರೀಕ್ಷೆ. ಅದು ಪಾಸಾದವನು ಮಾಸ್ತರನಾಗಬಹುದಿತ್ತು, ಅಷ್ಟು ಬೆಲೆ ಅದಕ್ಕೆ. ಹೈಸ್ಕೂಲು ಬೇಕಾದರೆ ಗೋಕಾಕದಂಥ ಪೇಟೆ. ಹೈಸ್ಕೂಲು ಬೋರ್ಡಿನ ಕೈಯಲ್ಲಿ ಇರಲೇ ಇಲ್ಲ. ಅದು ಪುರಸಭೆಯದೋ, ಖಾಸಗಿ ಸಂಸ್ಥೆಯದೋ, ಸರಕಾರದ್ದೋ ಆಗಿರುತ್ತಿತ್ತು.

ಇದೇ ದಾರಿಯಲ್ಲಿ ನಡೆದ ಒಬ್ಬ ಹುಡುಗನ ಕತೆ ನಿಮಗೆಲ್ಲ ಗೊತ್ತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಊರ ಸಾಲಿ ಮುಗಿಸಿ ಹೈಸ್ಕೂಲಿಗೆ ಗೋಕಾಕಕ್ಕೆ ಬಂದರು. ಬಡತನಕ್ಕೆ ಓದು ನಿಂತೇಹೋಗುವ ಹೊತ್ತಿಗೆ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಮುಂದೆ ಅವರು ಏನಾದರು ಎಂಬುದನ್ನು 2010ರ ಸಾಲಿನ ಜ್ಞಾನಪೀಠ ಹೇಳುತ್ತದೆ. ಆ ಕತೆ ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ, ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಅದೇ ಊರಿನಲ್ಲಿ ಅಷ್ಟೇ ಚುರುಕಾದ ಒಬ್ಬ ಹುಡುಗಿ ಇದ್ದಿದ್ದರೆ? ಮಠ ಅವಳ ಫೀಜು ಕಟ್ಟಬಹುದಿತ್ತು. ಅವಳು ರಾತ್ರಿ ಎಲ್ಲಿ ಮಲಗಬೇಕಿತ್ತು? ಊರು ಬಿಟ್ಟು ಓದುವ ಗಂಡು ಹುಡುಗನಿಗೆ ಮಠ ಇತ್ತು, ವಾರದ ಮನೆ ಇತ್ತು, ಗುಡಿಯ ಕಟ್ಟೆ ಇತ್ತು.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1961ರಲ್ಲಿ ಹೊಸ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಹೆಸರುಗಳು ಬದಲಾದವು, ಪಠ್ಯಪುಸ್ತಕ ಬದಲಾಯಿತು. ಬಾಯಲ್ಲಿ ಮಾತ್ರ ಯತ್ತೆ, ಮುಲ್ಕಿ ಹಾಗೆಯೇ ಉಳಿದವು. ಹೊಸ್ತಿಲುಗಳೂ ಉಳಿದವು.

ಅವನ್ನು ನಾನು ಕಣ್ಣಾರೆ ಕಂಡದ್ದು ಜನರಲ್ ರಜಿಸ್ಟರಿನಲ್ಲಿ. ಪ್ರತಿ ಸಾಲಿಯಲ್ಲೂ ಅದೊಂದು ದಪ್ಪ ಪುಸ್ತಕ ಇರುತ್ತದೆ. ಯಾರದಾದರೂ ಹುಟ್ಟಿದ ತಾರೀಖು ಬೇಕೆಂದಾಗ ಅದನ್ನು ಟ್ರಂಕಿನಿಂದ ತೆಗೆಯಬೇಕು. ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಮಳೆಗಾಲಕ್ಕೆ ಮಾಳಿಗೆ ಸೋರಿ ಹಳೆಯ ರಜಿಸ್ಟರುಗಳು ತೊಯ್ದವು. ಬಿಸಿಲಿಗೆ ಹರವಿ ಒಂದೊಂದೇ ಪುಟ ತಿರುವುತ್ತ ಕೂತೆ. ಕೊನೆಯ ಕಾಲಮ್ಮಿಗೆ ಕಣ್ಣು ಹೋಯಿತು. ಹುಡುಗರ ಎದುರು ‘ಮುಂದಿನ ಓದಿಗೆ’ ಎಂದೋ ‘ಪರಸ್ಥಳ’ ಎಂದೋ ಇತ್ತು. ಹುಡುಗಿಯರ ಎದುರು ‘ಪಾಲಕರ ಇಚ್ಛೆ’, ‘ಮನೆಗೆಲಸ’, ‘ಗೈರುಹಾಜರಿ’. ಕೆಲವು ಕಡೆ ಬರೆದ ಮಾಸ್ತರರಿಗೂ ಬೇಸರ ಬಂದಿರಬೇಕು, ಮೇಲಿನದನ್ನೇ ತೋರಿಸುವ ಎರಡು ಗೆರೆ ಅಷ್ಟೇ. ಅಂಥ ಗೆರೆಗಳು ಸಾಲಾಗಿ ಕೆಳಗೆ ಇಳಿದಿದ್ದವು. ಬಿಟ್ಟ ಯತ್ತೆ ನೋಡಿದರೆ ನಾಲ್ಕು, ನಾಲ್ಕು, ನಾಲ್ಕು. ಆ ಸಾಲಿ ಏಳರ ತನಕ ಬೆಳೆದ ಮೇಲಿನ ಪುಟಗಳಲ್ಲಿ ಅದೇ ಜಾಗದಲ್ಲಿ ಏಳು, ಏಳು. ಊರಿನವರ ಬಡತನ ಅಷ್ಟರೊಳಗೆ ಏನೂ ಹೋಗಿರಲಿಲ್ಲ, ಮದುವೆಯ ಚಿಂತೆಯೂ ಹೋಗಿರಲಿಲ್ಲ. ಸಾಲಿ ಮೂರು ವರ್ಷ ಮುಂದೆ ಹೋಗಿತ್ತು, ಹುಡುಗಿಯರೂ ಮೂರು ವರ್ಷ ಮುಂದೆ ಹೋಗಿದ್ದರು. ‘ಪಾಲಕರ ಇಚ್ಛೆ’ ಎಂಬುದಕ್ಕೆ ಎಷ್ಟು ಅರ್ಥ ಎಂದು ನಾನು ಅವತ್ತು ಯೋಚಿಸಿದೆ.

ಮೂಡಲಗಿಯ ಮಾತು ಇಲ್ಲಿ ಹೇಳಬೇಕು. ಕಂದಾಯದ ಲೆಕ್ಕಕ್ಕೆ ಮೂಡಲಗಿ ಬಹಳ ಕಾಲ ಗೋಕಾಕ ತಾಲೂಕಿನೊಳಗಿನ ಊರು. ತಾಲೂಕು ಆದದ್ದು 2018ರ ಹೊತ್ತಿಗೆ, ಅದೂ ಜನ ಬೀದಿಗಿಳಿದ ಮೇಲೆ. ಆದರೆ ಶಿಕ್ಷಣ ಇಲಾಖೆಯ ನಕ್ಷೆಯಲ್ಲಿ ‘ಮೂಡಲಗಿ ವಲಯ’ ಅದಕ್ಕೂ ಎಷ್ಟೋ ವರ್ಷ ಮೊದಲೇ ಇತ್ತು, ತನ್ನದೇ ಶಿಕ್ಷಣಾಧಿಕಾರಿಯ ಕಚೇರಿಯೊಂದಿಗೆ. ಅಷ್ಟು ಸಾಲಿಗಳನ್ನು ಒಬ್ಬ ಅಧಿಕಾರಿ ನೋಡುವುದು ಆಗದ ಮಾತಾಗಿತ್ತು. ಪಹಣಿಗೆ ಗೋಕಾಕಕ್ಕೆ ಹೋಗಬೇಕು, ಪಗಾರದ ಕೆಲಸ ಮೂಡಲಗಿಯಲ್ಲೇ. ನಮಗೆ ಅದು ಎಷ್ಟು ಅನುಕೂಲ ಎಂದರೆ, ಮಧ್ಯಾಹ್ನ ಕಚೇರಿಗೆ ಹೋಗಿ ಮಕ್ಕಳು ಸಾಲಿ ಬಿಟ್ಟು ಬರುವುದರೊಳಗೆ ಮನೆ ಮುಟ್ಟಬಹುದಿತ್ತು. ನೌಕರಿ ಮಾಡುವ ಹೆಂಗಸಿಗೆ ಕಚೇರಿ ಎಷ್ಟು ದೂರ ಎಂಬುದು ಸಣ್ಣ ವಿಷಯವಲ್ಲ.

1994-95ರಲ್ಲಿ ಕೇಂದ್ರ ಸರಕಾರದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು. ಡಿ.ಪಿ.ಇ.ಪಿ. ಎಂದೇ ಎಲ್ಲರ ಬಾಯಲ್ಲಿ. ಕರ್ನಾಟಕದಲ್ಲಿ ಮೊದಲ ಸುತ್ತಿಗೆ ಆರಿಸಿದ ನಾಲ್ಕು ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಆರಿಸಲು ಇಟ್ಟ ಒಂದು ಅಳತೆ ಹೆಂಗಸರ ಅಕ್ಷರಜ್ಞಾನ. 1991ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ನೂರಕ್ಕೆ 39 ಮಂದಿ ಮಾತ್ರ ಓದಬಲ್ಲವರಾಗಿದ್ದರು. ಅದಕ್ಕಿಂತಲೂ ಹಿಂದಿರುವ ಜಿಲ್ಲೆಗಳಿಗೆ ಈ ಯೋಜನೆ. ಕಬ್ಬಿನ ಸೀಮೆ, ಘಟಪ್ರಭೆಯ ನೀರು, 1887ರಷ್ಟು ಹಿಂದೆಯೇ ಜಲಪಾತದಿಂದ ವಿದ್ಯುತ್ ತೆಗೆದ ಗೋಕಾಕ ಫಾಲ್ಸ್, ಇಷ್ಟೆಲ್ಲ ಹೇಳಿಕೊಳ್ಳುವ ನಾವು ಆ ಪಟ್ಟಿಯಲ್ಲಿ ಯಾಕೆ ಬಂದೆವು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಆ ಯೋಜನೆ ಕೋಣೆ ಕಟ್ಟಿಸಿತು, ಮಾಸ್ತರರಿಗೆ ತರಬೇತಿ ಕೊಟ್ಟಿತು. ನನ್ನ ಮಟ್ಟಿಗೆ ಅದರ ದೊಡ್ಡ ಕೊಡುಗೆ ಸಮೂಹ ಸಂಪನ್ಮೂಲ ಕೇಂದ್ರ. ಸುತ್ತಿನ ಹತ್ತು ಹದಿನೈದು ಸಾಲಿಗಳ ಒಂದು ಗುಂಪು, ತಿಂಗಳಿಗೊಮ್ಮೆ ಸಮಾಲೋಚನಾ ಸಭೆ. ಅದರಲ್ಲಿ ಕಲಿತದ್ದಕ್ಕಿಂತ ಚಹಾದ ಹೊತ್ತಿನಲ್ಲಿ ಕಲಿತದ್ದೇ ಹೆಚ್ಚು ಎನ್ನಿ. ಆದರೆ ಅಲ್ಲಿಯ ತನಕ ಒಂದೊಂದು ಹಳ್ಳಿಯಲ್ಲಿ ಒಬ್ಬೊಬ್ಬರೇ ಇದ್ದ ನಮ್ಮಂಥ ಅಕ್ಕೋರುಗಳಿಗೆ ಒಬ್ಬರ ಮುಖ ಒಬ್ಬರು ನೋಡುವ ಜಾಗ ಸಿಕ್ಕಿತು. ಅದೇ ಹೊತ್ತಿಗೆ ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಮಂತ್ರಿಗಳಾಗಿದ್ದರು. ಅಂಕಗಳ ಮೇಲೆ, ವಶೀಲಿ ಇಲ್ಲದೆ, ಲಕ್ಷದಷ್ಟು ಮಾಸ್ತರರ ನೇಮಕ ಆಯಿತು. ಯಾರದೂ ಕೈಕಾಲು ಹಿಡಿಯದೆ ನೌಕರಿ ಸಿಕ್ಕ ಹುಡುಗಿಯರು ಬ್ಯಾಗು ಹಿಡಿದು ನಮ್ಮ ಬಸ್ಸಿಗೆ ಹತ್ತಿದರು. ಅಕ್ಕೋರು ಬಂದ ಸಾಲಿಗೆ ತಾಯಂದಿರು ಹುಡುಗಿಯನ್ನು ಕಳಿಸುವುದೇ ಬೇರೆ. ‘ಅಕ್ಕೋರ ಅದಾರಲ್ಲ, ಹೋಗ್ಲಿ ಬಿಡ್ರಿ’ ಎಂದು ಗಂಡನಿಗೆ ಹೇಳುವ ಮಾತನ್ನು ನಾನೇ ಕೇಳಿದ್ದೇನೆ.

ಸಾಲಿಯ ಯಜಮಾನಿಕೆ ಊರಿಗೆ ಬಂದದ್ದು ನಿಧಾನವಾಗಿ. 1987ರಲ್ಲಿ ಜಿಲ್ಲಾ ಪರಿಷತ್ತು, 1993ರ ಕಾಯ್ದೆಯಿಂದ ಜಿಲ್ಲಾ ಪಂಚಾಯತಿ, 2001ರಲ್ಲಿ ಪ್ರತಿ ಸಾಲಿಗೂ ಎಸ್.ಡಿ.ಎಂ.ಸಿ., ಅಂದರೆ ಪಾಲಕರ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು ಇರಬೇಕು, ಅರ್ಧ ಹೆಂಗಸರು ಇರಬೇಕು ಎಂದಿತು. ಕಾಗದದ ಮೇಲೆ ಅರ್ಧ, ಸಭೆಯಲ್ಲಿ ಗಂಡಸರೇ, ಹೆಂಗಸರ ಸಹಿಗೆ ಪುಸ್ತಕ ಮನೆಗೆ ಹೋಗುವುದು, ಇದೂ ನಡೆಯಿತು. ಆದರೆ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಸುರುವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಕಡೆಗೂ ಬಂದ ಮೇಲೆ ಹೆಂಗಸರು ಸಾಲಿಯ ಅಂಗಳದೊಳಗೆ ಬರಲು ನೆಪ ಬೇಕಾಗಲಿಲ್ಲ. ಅದಕ್ಕೂ ಮೊದಲು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದರು. ಅಕ್ಕಿ ಮನೆಗೆ ಹೋಗುತ್ತಿತ್ತು, ಮಗು ಹೊಲಕ್ಕೆ. ಬಿಸಿಯೂಟ ಸಾಲಿಯಲ್ಲೇ ಆಗತೊಡಗಿದಾಗ ಅಡಿಗೆ ಮಾಡಲು ಊರ ಹೆಂಗಸರೇ ಬಂದರು. ಬೇಳೆ ಕಡಿಮೆ ಬಂದರೆ ಜಗಳ ತೆಗೆಯುವವರೂ ಅವರೇ, ಮಾಸ್ತರರು ಎರಡು ದಿನ ಬರದಿದ್ದರೆ ಲೆಕ್ಕ ಇಡುವವರೂ ಅವರೇ. ದೀಪೋಟಿ ಸಾಹೇಬರು ವರ್ಷಕ್ಕೊಮ್ಮೆ ಮಾಡುತ್ತಿದ್ದ ಇನ್‌ಸ್ಪೆಕ್ಷನ್ ಈಗ ದಿನಾ ಒಲೆಯ ಮುಂದೆ ಕೂತು ನಡೆಯುತ್ತದೆ.

ಏಳರ ಹೊಸ್ತಿಲನ್ನು ಕಡಿಯಲು ಆಮೇಲೆ ಹಲವು ಪ್ರಯತ್ನಗಳಾದವು. ಎಷ್ಟೋ ಸಾಲಿಗಳಿಗೆ ಎಂಟನೆಯ ತರಗತಿ ಸೇರಿಸಿದರು. 2006-07ರಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿದರು. ಹೈಸ್ಕೂಲಿನ ದಾರಿಯಲ್ಲಿ ಕಬ್ಬಿನ ಗಾಡಿಗಳ ಪಕ್ಕದಲ್ಲಿ ಸಾಲಾಗಿ ಹೋಗುವ ಆ ಸೈಕಲ್ಲುಗಳನ್ನು ನೋಡಲು ನಾನು ಬೇಕೆಂದೇ ಒಂದು ಬಸ್ಸು ಬಿಟ್ಟದ್ದುಂಟು. 2018-19ರಿಂದ ಕರ್ನಾಟಕ ಪಬ್ಲಿಕ್ ಸ್ಕೂಲು ಬಂದಿದೆ. ಒಂದನೆಯ ತರಗತಿಯಿಂದ ಪಿ.ಯು.ಸಿ. ತನಕ ಒಂದೇ ಅಂಗಳದಲ್ಲಿ. ಪ್ರಾಥಮಿಕದವರು, ಹೈಸ್ಕೂಲಿನವರು, ಪಿ.ಯು.ದವರು ಒಂದೇ ಗೇಟಿನಲ್ಲಿ ಬರಬೇಕು. ಮೂರು ಓರಗಿತ್ತಿಯರನ್ನು ಒಂದೇ ಅಡಿಗೆಮನೆಗೆ ಹಾಕಿದಂತೆ ಆಯಿತು ಎಂದು ನಮ್ಮ ಗೆಳತಿಯರು ಹೇಳುತ್ತಾರೆ. ಪಾತ್ರೆ ಸಪ್ಪಳ ಆಗುತ್ತದೆ. ಸಣ್ಣ ಹಳ್ಳಿಯ ಸಾಲಿ ಮುಚ್ಚಿ ಅದರೊಳಗೆ ಸೇರಿಸಿಬಿಟ್ಟರೆ ಆರು ವರ್ಷದ ಹುಡುಗಿ ಹೇಗೆ ಬರಬೇಕು ಎಂಬ ಭಯವೂ ನನಗೆ ಇದೆ. ಹಕ್ಕಿನ ಕಾಯ್ದೆಯ ನಿಯಮದಲ್ಲಿ ಐದನೆಯ ತನಕ ಒಂದು ಕಿಲೋಮೀಟರು, ಎಂಟನೆಯ ತನಕ ಮೂರು ಕಿಲೋಮೀಟರು ಎಂದು ಬರೆದಿದೆ. ಯಾರಾದರೂ ಸಾಲಿ ಮುಚ್ಚಲು ಬಂದರೆ ನಿಮ್ಮ ಊರಿನ ಸಮಿತಿಯ ಹೆಂಗಸರು ಮೊದಲು ಕೇಳಬೇಕಾದ್ದು ಆ ಕಿಲೋಮೀಟರುಗಳ ಲೆಕ್ಕ.

ಚಿಗವ್ವ ಈಗ ಇಲ್ಲ. ಆಕೆಯ ಮೊಮ್ಮಗಳು ಅದೇ ಊರಿನಲ್ಲಿ ಎಂಟನೆಯ ತರಗತಿಗೆ ಹೋಗುತ್ತಾಳೆ. ಮನೆಯಿಂದ ಸಾಲಿಗೆ ಐದು ಮಿನಿಟಿನ ದಾರಿ. ಒಂಬತ್ತಕ್ಕೆ ಎಲ್ಲಿಗೆ ಎಂದು ಮನೆಯಲ್ಲಿ ಈಗಲೇ ಮಾತು ನಡೆದಿದೆ.