ಬಸರೂರಿನ ಬಂದರಿನಿಂದ ಭಟ್ಕಳದ ಬಜಾರಿನವರೆಗೆ: ಯಡ್ತರೆ ಸೀಮೆಗೆ ಬಂದ ಹೊರನಾಡಿನ ಸರಕು ಮತ್ತು ಸೇವೆ

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಂಗಳೂರಿನಿಂದ ಗೋವೆಯತ್ತ ಸಾಗುವ ಹೆದ್ದಾರಿಯಿಂದ ಕೊಲ್ಲೂರಿನ ದಾರಿ ಕವಲೊಡೆಯುವ ಕಡೆಯಲ್ಲಿ ಯಡ್ತರೆ ಇದೆ. ಇಂದು ಬೈಂದೂರು ಪೇಟೆಯೊಂದಿಗೆ ಬೆಸೆದುಕೊಂಡೇ ಇರುವ ಈ ಊರು ದೊಡ್ಡ ಬಂದರೆಂದಾಗಲಿ ಸಂತೆಯ ತಾಣವೆಂದಾಗಲಿ ಹಳೆಯ ಪ್ರವಾಸಿಗರ ಬರಹಗಳಲ್ಲಿ ಹೆಸರು ಮಾಡಿದ್ದಲ್ಲ. ಆದರೆ ಹೆಸರು ಮಾಡಿದ ಜಾಗಗಳೆಲ್ಲ ಇದರ ಸುತ್ತಲೇ ಇದ್ದವು. ದಕ್ಷಿಣಕ್ಕೆ ಬಸರೂರು ಮತ್ತು ಬಾರಕೂರು, ಉತ್ತರಕ್ಕೆ ಭಟ್ಕಳ, ಕೊಲ್ಲೂರು ಘಾಟಿ ಹತ್ತಿದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. ಹೀಗಾಗಿ ಹೊರನಾಡಿನ ವಸ್ತು ಈ ಸೀಮೆಯ ಕಣ್ಣಿಗೆ ಎಂದೂ ಅಪರೂಪವಾಗಿರಲಿಲ್ಲ. ಅಪರೂಪವಾಗಿದ್ದುದು ಹೊರನಾಡಿನಲ್ಲಿ ದೊರೆಯುತ್ತಿದ್ದ ಅನುಕೂಲ. ಕೊಳ್ಳುವವರಿದ್ದಲ್ಲಿಗೆ ಸರಕು ತಾನಾಗಿ ಹುಡುಕಿಕೊಂಡು ಬರುತ್ತದೆ, ಆದರೆ ಸಾಲ ಕೊಡುವ, ಹಣ ಕಾಪಾಡುವ, ಜನರನ್ನು ಹೊಳೆ ದಾಟಿಸುವ ಸೇವೆಗಳು ಬರಬೇಕಾದರೆ ಅವನ್ನು ನಡೆಸುವ ಸಂಸ್ಥೆಯೊಂದು ಎದ್ದು ನಿಲ್ಲಬೇಕಾಗುತ್ತದೆ ಎಂಬುದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ವ್ಯಾಪಾರದ ಇತಿಹಾಸವನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಗುತ್ತದೆ.

ಹದಿನಾಲ್ಕನೆಯ ಶತಮಾನದ ನಡುಗಾಲದಲ್ಲಿ ಹೊನ್ನಾವರದಿಂದ ದಕ್ಷಿಣಕ್ಕೆ ಸಾಗಿದ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ಬಸರೂರು, ಬಾರಕೂರುಗಳೆಂದು ವಿದ್ವಾಂಸರು ಗುರುತಿಸುವ ಎರಡು ಪಟ್ಟಣಗಳನ್ನು ಹೆಸರಿಸುತ್ತಾನೆ. ಬಾರಕೂರಿನ ಕಬ್ಬನ್ನು ಮೆಚ್ಚುವುದರ ಜೊತೆಗೆ, ಈ ತೀರದಲ್ಲಿ ಹಾದುಹೋಗುವ ಹಡಗುಗಳು ಬಂದರಿನಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಲೇಬೇಕೆಂಬ ಪದ್ಧತಿಯನ್ನೂ ದಾಖಲಿಸುತ್ತಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾನ ವರದಿಯಲ್ಲಿ ಇದೇ ಎರಡು ಬಂದರುಗಳಿಂದ ಅಕ್ಕಿ ತುಂಬಿಕೊಂಡು ಹೋಗಲು ಹೋರ್ಮುಜ್, ಏಡನ್‌ಗಳ ಹಡಗುಗಳೂ ಮಲಬಾರಿನ ಸಣ್ಣ ನಾವೆಗಳೂ ಬರುತ್ತಿದ್ದ ವಿವರವಿದೆ. ಹೊರಗಿನಿಂದ ಬಂದು ನೆಲೆಸಿದ ಮುಸ್ಲಿಂ ವರ್ತಕರ ಸಂಘವನ್ನು ಈ ಕಾಲದ ಕರಾವಳಿಯ ಶಾಸನಗಳು ಹಂಜಮಾನ ಎಂದು ಕರೆಯುತ್ತವೆ. ಸ್ಥಳೀಯ ವರ್ತಕರ ಕೂಟವಾದ ನಖರದ ಪಕ್ಕದಲ್ಲೇ ಅದಕ್ಕೂ ಊರಿನ ವ್ಯವಹಾರದಲ್ಲಿ ಸ್ಥಾನವಿತ್ತು. ಆದರೆ ಭಟ್ಕಳದಲ್ಲಿ ಇಳಿದ ಕುದುರೆ ಘಾಟಿ ಹತ್ತಿ ವಿಜಯನಗರದ ಲಾಯಕ್ಕೆ ಹೋಗುತ್ತಿತ್ತು, ಗದ್ದೆಯ ಅಕ್ಕಿ ಹಡಗು ಹತ್ತಿ ಅರಬ್ಬರ ನಾಡಿಗೆ ಹೋಗುತ್ತಿತ್ತು. ಉತ್ತವನ ಮನೆಯ ಮಟ್ಟಿಗೆ ಈ ದೊಡ್ಡ ವ್ಯಾಪಾರ ದಾರಿಯಲ್ಲಿ ಸಾಗಿಹೋದ ಮೆರವಣಿಗೆಯೇ ಆಗಿತ್ತು ಎನ್ನಬೇಕು.

ಪೋರ್ಚುಗೀಸರು 1569ರಲ್ಲಿ ಬಸರೂರನ್ನು ವಶಪಡಿಸಿಕೊಂಡು ಕೋಟೆ ಕಟ್ಟಿದ ಮೇಲೆ ಹೊರನಾಡಿನ ಒಂದು ಸೇವೆಯೂ ಇಲ್ಲಿಯ ವರ್ತಕರ ಕೊರಳಿಗೆ ಬಿತ್ತು. ಸಮುದ್ರದ ಮೇಲೆ ಸಾಗುವ ಹಡಗು ಪೋರ್ಚುಗೀಸರಿಂದ ಪಡೆಯಲೇಬೇಕಾಗಿದ್ದ ಕರ್ತಾಜ್ ಎಂಬ ರಹದಾರಿ ಪತ್ರ ಅದು: ಹಣ ಕೊಟ್ಟು ಪತ್ರ ಪಡೆದರೆ ರಕ್ಷಣೆ, ಪಡೆಯದಿದ್ದರೆ ಅವರಿಂದಲೇ ಲೂಟಿ. ಯಾರೂ ಬಯಸದ, ಆದರೆ ಬಿಡಲಾಗದ ಈ ಸೇವೆಯನ್ನು ನೆನೆದರೆ, ಹೊರಗಿನಿಂದ ಬಂದದ್ದೆಲ್ಲ ಅನುಕೂಲವೇ ಎಂದು ಭಾವಿಸುವ ಈಗಿನ ವಾಡಿಕೆಗೆ ಸ್ವಲ್ಪ ಕಡಿವಾಣ ಬೀಳುತ್ತದೆ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆ ಮಾಡಿದನೆಂದರೆ ಆಗಲೂ ಅಲ್ಲಿ ಸೂರೆ ಮಾಡುವಷ್ಟು ಸಂಪತ್ತು ಉಳಿದಿತ್ತು ಎಂದಾಯಿತು.

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಬ್ರಿಟಿಷರ ಕೈಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಗಿ, ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲಿ ಉಳಿದಾಗ ಕುಂದಾಪುರ ತಾಲ್ಲೂಕು ದಕ್ಷಿಣದ ಪಾಲಿಗೆ ಬಂತು; ಬೈಂದೂರು, ಯಡ್ತರೆಗಳು ಮದರಾಸು ಪ್ರಾಂತದ ಗಡಿಯೂರುಗಳಾದವು, ಶಿರೂರಿನ ಆಚೆಗಿನ ಭಟ್ಕಳ ಮುಂಬಯಿ ಸರಕಾರಕ್ಕೆ ಸೇರಿತು. 1956ರ ನವೆಂಬರ್ 1ರವರೆಗೂ ಉಳಿದ ಈ ಗೆರೆ ಬಂಧುತ್ವವನ್ನಾಗಲಿ ಮೀನಿನ ವ್ಯಾಪಾರವನ್ನಾಗಲಿ ತಡೆಯಲಿಲ್ಲ, ಆದರೆ ಎರಡು ಪ್ರಾಂತಗಳ ಅಂಚೂ ತಮ್ಮ ತಮ್ಮ ರಾಜಧಾನಿಗಳಿಂದ ಬಹು ದೂರದಲ್ಲಿದ್ದ ಕಾರಣ ರಸ್ತೆ, ಸೇತುವೆಗಳ ಸರದಿ ಇಲ್ಲಿಗೆ ಕೊನೆಯಲ್ಲಿ ಬಂತು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಹೊಳೆಗಳು ಕುಂದಾಪುರದ ಬಳಿ ಒಟ್ಟಾಗಿ ಕಡಲು ಸೇರುವ ಈ ನೆಲದಲ್ಲಿ ಸೇತುವೆ ಇಲ್ಲದ ಕಾಲದ ಪ್ರಯಾಣವೆಂದರೆ ಕಡವಿನಿಂದ ಕಡವಿಗೆ, ಅಂದರೆ ದೋಣಿ ದಾಟುವ ಜಾಗದಿಂದ ಜಾಗಕ್ಕೆ, ಕಾಯುತ್ತ ಸಾಗುವುದು. ಬಸ್ಸು ಬಂದ ಮೇಲೂ ಹೊಳೆ ಅಡ್ಡ ಬಂದಲ್ಲಿ ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ ಎಂಬ ತೇಲುವ ಸಾಧನವೇ ವಾಹನಗಳಿಗೂ ಗತಿಯಾಗಿತ್ತು.

ಸರಕನ್ನು ತರಿಸಿಕೊಳ್ಳುವುದರ ಬದಲು ಅದನ್ನು ಮಾಡುವ ವಿದ್ಯೆಯನ್ನೇ ಊರಿಗೆ ಇಳಿಸಿಕೊಂಡ ಮೊದಲ ದೊಡ್ಡ ಉದಾಹರಣೆ ಹಂಚಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಹಳೆಯ ಕಸುಬು ಮತ್ತು ಆಸರೆ ಕಳೆದುಕೊಂಡವರಿಗೆ ದುಡಿಮೆ ಒದಗಿಸಲು ಮುದ್ರಣ, ನೇಯ್ಗೆಗಳನ್ನು ಕೈಗೊಂಡಿತು. ಗಡಿಯಾರದ ಕೆಲಸವನ್ನೂ ಪ್ರಯತ್ನಿಸಿ ಕೈಬಿಟ್ಟಿತು. 1865ರಲ್ಲಿ ಮಿಶನಿನ ಗಿಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಮಾತ್ರ ಕರಾವಳಿಯ ಮನೆಯ ರೂಪವನ್ನೇ ಬದಲಿಸಿತು. ಅದುವರೆಗೆ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಮಾಡು, ಅನುಕೂಲಸ್ಥರ ಮನೆಗೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚು. ಹುಲ್ಲನ್ನು ಮಳೆಗಾಲಕ್ಕೆ ಮೊದಲು ಹೊಸದಾಗಿ ಹೊದಿಸಬೇಕಿತ್ತು, ನಾಡಹಂಚನ್ನು ಆಗಾಗ ಕೈಯಾಡಿಸಿ ಸರಿಪಡಿಸಬೇಕಿತ್ತು. ಹೊಸ ಹಂಚಿನ ಅಂಚಿನಲ್ಲಿ ತೋಡು ಮತ್ತು ಏಣು ಇದ್ದು ಒಂದು ಹಂಚು ಪಕ್ಕದ ಹಂಚನ್ನು ಕಚ್ಚಿ ಹಿಡಿಯುತ್ತಿತ್ತು, ಕೆಳಬದಿಯ ಗುಬುಟು ಮರದ ರೀಪಿಗೆ ಸಿಕ್ಕಿ ನಿಲ್ಲುತ್ತಿತ್ತು. ಕಡಿಮೆ ಹಂಚು, ಕಡಿಮೆ ಭಾರ, ಆಷಾಢದ ಮಳೆಗೂ ಸೋರದ ಮಾಡು. 1868ರಲ್ಲೇ ಪಾಣೆಮಂಗಳೂರಿನಲ್ಲಿ ಅಲ್ಬುಕರ್ಕ್ ಕುಟುಂಬ ದೇಶೀಯರ ಕಾರ್ಖಾನೆ ತೆರೆಯಿತು. ಮುಂದೆ ಮಿಶನ್ ಮಲ್ಪೆಗೂ ವಿಸ್ತರಿಸಿತು, ಹೊಳೆದಂಡೆಯ ಜೇಡಿಮಣ್ಣು, ಸೌದೆ ಮತ್ತು ದೋಣಿ ಸಾಗಾಟ ಮೂರೂ ಒದಗಿದ ಕುಂದಾಪುರದ ಸುತ್ತಲೂ ಹಂಚಿನ ಕಾರ್ಖಾನೆಗಳ ಹೊಗೆಗೂಡುಗಳು ಎದ್ದವು. ಹಳೆಯ ಮನೆ ಕೆಡವುವಾಗ ಇಳಿಸಿದ ಹಂಚಿನ ಬೆನ್ನಿನಲ್ಲಿ ಕಾಣುವ ಕಾರ್ಖಾನೆಯ ಅಚ್ಚು ಈ ಕತೆಗೆ ಸಾಕ್ಷಿ. ಜರ್ಮನ್ ಯಂತ್ರವಿದ್ಯೆಯ ಈ ವಸ್ತು ಎಷ್ಟು ಬೇಗ ಊರಿನದಾಯಿತೆಂದರೆ ಇಂದು ಅದೇ ಕರಾವಳಿಯ ಸಾಂಪ್ರದಾಯಿಕ ಮಾಡು ಎನಿಸಿಕೊಂಡಿದೆ.

ಹಣದ ವಿಷಯದಲ್ಲಿ ಕಾಲ ಇನ್ನೂ ಹೆಚ್ಚು ಹಿಡಿಯಿತು. ಮದರಾಸಿನ ಪ್ರೆಸಿಡೆನ್ಸಿ ಬ್ಯಾಂಕ್ 1868ರಲ್ಲಿ ಮಂಗಳೂರಿನಲ್ಲಿ ಶಾಖೆ ತೆರೆದಿತ್ತಾದರೂ ಅದರ ಗಮನ ಘಟ್ಟದ ತೋಟಗಳ ಉತ್ಪನ್ನವನ್ನು ರಫ್ತು ಮಾಡುತ್ತಿದ್ದ ಬ್ರಿಟಿಷ್ ಕಂಪನಿಗಳ ಮೇಲಿತ್ತು. ಕುಂದಾಪುರದ ಅಕ್ಕಿ ವ್ಯಾಪಾರಿಗಾಗಲಿ ಬ್ರಹ್ಮಾವರದ ನೇಕಾರನಿಗಾಗಲಿ ಅದು ಬೇರೆಯವರ ಅಂಗಡಿ. ಅವರ ಪಾಲಿಗೆ ಇದ್ದದ್ದು ಸಾಹುಕಾರನ ಕೈಸಾಲ, ಚಿನ್ನದ ಅಡವು, ಗೇಣಿ ಒಕ್ಕಲಿಗನಾದರೆ ಬೆಳೆಯ ಮೇಲೆಯೇ ತೀರಿಸಬೇಕಾದ ಭತ್ತದ ಸಾಲ. ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಮತ್ತು ಅವರ ಜೊತೆಗಾರರು 1906ರ ಮಾರ್ಚ್ 12ರಂದು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, ಅಂದರೆ ಮುಂದಿನ ಕಾರ್ಪೊರೇಷನ್ ಬ್ಯಾಂಕ್, ಸ್ಥಾಪಿಸಿದ್ದು ಈ ಕೊರತೆಯ ನಡುವೆ. ಐದು ಸಾವಿರ ರೂಪಾಯಿ ಬಂಡವಾಳದಿಂದ ಹೊರಟ ಆ ಸಂಸ್ಥೆಯಲ್ಲಿ ಮೊದಲ ದಿನದ ಕೊನೆಗೆ ಇದ್ದ ಹಣ 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು, ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಎಂಬ ಇಂಗ್ಲಿಷ್ ಸಾಹುಕಾರಿ ಸಂಸ್ಥೆ ದಿವಾಳಿಯೆದ್ದು ಅಪಾರ ಠೇವಣಿದಾರರು ಕೈಸುಟ್ಟುಕೊಂಡಾಗ, ಪರದೇಶಿ ಅಂಗಡಿಯೆಂದರೆ ಭದ್ರ ಎಂಬ ನಂಬಿಕೆಯೂ ಅಲುಗಿತು.

ಉಡುಪಿಯ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಹದಿನೇಳು ವರ್ಷ ಒಂದೇ ಕಚೇರಿಯಲ್ಲಿ ನಡೆದು, 1923ರಲ್ಲಿ ತನ್ನ ಮೊದಲ ಶಾಖೆಯನ್ನು ತೆರೆದದ್ದು ಕುಂದಾಪುರದಲ್ಲಿ. ಮಂಗಳೂರಿಗೆ ಅದು ಹೋದದ್ದು ಮೂರು ವರ್ಷ ತಡವಾಗಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ, ಕೈಮಗ್ಗ ಕುಸಿದು ಕಂಗೆಟ್ಟಿದ್ದ ನೇಕಾರರಿಗೆ ನೆರವಾಗುವ ಉದ್ದೇಶದಿಂದ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ತನ್ನ ಮೊದಲ ಶಾಖೆಗೆ ಆರಿಸಿಕೊಂಡದ್ದು ಬ್ರಹ್ಮಾವರವನ್ನು. ಜಿಲ್ಲೆಯ ದೊಡ್ಡ ಪಟ್ಟಣವನ್ನು ಬಿಟ್ಟು ಎರಡು ಬ್ಯಾಂಕುಗಳೂ ತಮ್ಮ ಮೊದಲ ಹೆಜ್ಜೆಯನ್ನು ಉತ್ತರದ ಸಣ್ಣ ಪೇಟೆಗಳತ್ತ ಇಟ್ಟದ್ದನ್ನು ಬ್ಯಾಂಕಿಂಗ್ ಇತಿಹಾಸದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಸೇವೆ ಇಲ್ಲದ ಕಡೆಯೇ ಅದರ ಗಿರಾಕಿ ಇದ್ದಾನೆ ಎಂದು ಅರಿತವರ ಲೆಕ್ಕಾಚಾರ ಅದರ ಹಿಂದಿತ್ತೆಂದು ಊಹಿಸುವುದು ತಪ್ಪಾಗಲಾರದು.

ಅದೇ 1928ರಲ್ಲಿ ಸಿಂಡಿಕೇಟ್ ಆರಂಭಿಸಿದ ಪಿಗ್ಮಿ ಠೇವಣಿ ಹೊರನಾಡಿನ ಮಾದರಿಯನ್ನು ತಲೆಕೆಳಗು ಮಾಡಿತು. ಇಂಗ್ಲಿಷರ ಬ್ಯಾಂಕಿನಲ್ಲಿ ಗಿರಾಕಿ ಮೆಟ್ಟಿಲು ಹತ್ತಿ ಕೌಂಟರಿನ ಮುಂದೆ ನಿಲ್ಲಬೇಕಿತ್ತು. ಇಲ್ಲಿ ಬ್ಯಾಂಕಿನ ಏಜೆಂಟನೇ ದಿನವೂ ಮನೆಬಾಗಿಲಿಗೆ, ಅಂಗಡಿಕಟ್ಟೆಗೆ, ಮಗ್ಗದ ಬಳಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ದಿನಗೂಲಿಯವನು ಒಂದೇ ಸಲ ಎತ್ತಿಡಲಾಗದ ಈ ಮೊತ್ತ ಚಿಲ್ಲರೆಯಾಗಿ ಬಂದರೆ ಹೊರೆಯೆನಿಸುತ್ತಿರಲಿಲ್ಲ. ಪಿಗ್ಮಿ ಕಟ್ಟುವುದು ಎಂಬ ಮಾತು ಕರಾವಳಿಯ ಸಣ್ಣ ವ್ಯಾಪಾರಿಗಳ ನಿತ್ಯದ ಮಾತಾಗಿ ಇಂದಿಗೂ ಉಳಿದಿದೆ, ಸಹಕಾರಿ ಸಂಘಗಳೂ ಈ ಕ್ರಮವನ್ನು ಎತ್ತಿಕೊಂಡಿವೆ. ಪರದೇಶದಲ್ಲಿರುವ ಅಂಗಡಿ ನಮ್ಮಲ್ಲೂ ಇರಲಿ ಎಂಬ ಬಯಕೆಯಿಂದ ಹೊರಟು, ಪರದೇಶದಲ್ಲೂ ಸುಲಭವಾಗಿ ಸಿಗದ ಸೇವೆಯೊಂದನ್ನು ಊರಿನವರು ಕಂಡುಕೊಂಡ ಇಂಥ ಪ್ರಸಂಗ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಹಿಡಿ ಬಂಡವಾಳದಿಂದ ಬ್ಯಾಂಕು ಕಟ್ಟಬಹುದು, ರೈಲು ಹಾಗಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂತು, ಅಲ್ಲಿಗೇ ನಿಂತಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯಲು ಹೊರಟ ಕುಂದಾಪುರ ಸೀಮೆಯ ಹುಡುಗರು ಆ ನಗರದಲ್ಲಿ ನಿತ್ಯ ಲೋಕಲ್ ರೈಲು ಹತ್ತುತ್ತಿದ್ದರು, ಊರಿಗೆ ಬರುವಾಗ ಮಾತ್ರ ಮೊದಲಲ್ಲಿ ಹಡಗಿಗೆ, ಆಮೇಲೆ ಘಾಟಿ ಸುತ್ತಿ ಬರುವ ಬಸ್ಸಿಗೆ ಮೊರೆಹೋಗಬೇಕಿತ್ತು. ಮಳೆಗಾಲದಲ್ಲಿ ಕಡಲ ದಾರಿ ಮುಚ್ಚಿಯೇ ಹೋಗುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ರಾಜಕೀಯದಲ್ಲಿ ಬೆಳೆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರ ಜುಲೈಯಲ್ಲಿ ಕೇಂದ್ರ ಹಾಗೂ ನಾಲ್ಕು ರಾಜ್ಯಗಳ ಪಾಲುದಾರಿಕೆಯಲ್ಲಿ ಕೊಂಕಣ ರೈಲ್ವೆ ನಿಗಮ ರೂಪುಗೊಂಡಿತು. ಸರಕಾರದ ಬಜೆಟ್ ಒಂದನ್ನೇ ಕಾಯದೆ ಸಾಲಪತ್ರಗಳ ಮೂಲಕ ಸಾರ್ವಜನಿಕರಿಂದ ಹಣ ಎತ್ತಿ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿಯನ್ನು ಕಟ್ಟಲಾಯಿತು. 1998ರ ಜನವರಿ 26ರಂದು ಇಡೀ ಮಾರ್ಗ ಸಂಚಾರಕ್ಕೆ ತೆರೆದಾಗ ಬೈಂದೂರಿನ ನಿಲ್ದಾಣವೂ ಮುಂಬಯಿಗೆ ನೇರವಾಗಿ ಸೇರಿತು. ಕೊಲ್ಲೂರಿನ ಯಾತ್ರಿಕರನ್ನು ನೆನೆದು ಅದಕ್ಕೆ ಮೂಕಾಂಬಿಕಾ ರೋಡ್ ಎಂಬ ಹೆಸರನ್ನೂ ಸೇರಿಸಲಾಗಿದೆ. ಮಂಗಳೂರಿಗೂ ಬೈಂದೂರಿಗೂ ನಡುವೆ ಇದ್ದ ಅಂತರ ಹೀಗೆ ತೊಂಬತ್ತು ವರ್ಷಗಳಷ್ಟು ಉದ್ದವಾಗಿತ್ತು.

ಈ ಕಾಯುವಿಕೆಯ ಕೊನೆಯ ಎರಡು ದಶಕಗಳಲ್ಲಿ ಸರಕು ಮತ್ತೆ ತನ್ನ ಹಳೆಯ ಗುಣ ತೋರಿಸಿತು. 1973ರ ನಂತರ ತೈಲದ ಬೆಲೆಯೇರಿ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಮೆಯ ಬಾಗಿಲು ತೆರೆದಾಗ ಭಟ್ಕಳ, ಶಿರೂರು, ಗಂಗೊಳ್ಳಿಗಳಿಂದ ಅನೇಕರು ದುಬೈ, ಸೌದಿಗಳಿಗೆ ಹೋದರು. ಶತಮಾನಗಳಿಂದ ಅರಬ್ ವ್ಯಾಪಾರದೊಂದಿಗೆ ನಂಟಿದ್ದ ಭಟ್ಕಳದ ನವಾಯತ ಸಮುದಾಯಕ್ಕೆ ಅದು ಹೊಸ ದಾರಿಯೇನಾಗಿರಲಿಲ್ಲ. ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ಆ ಕಾಲದಲ್ಲಿ ರಜೆಗೆ ಬಂದವರ ಪೆಟ್ಟಿಗೆಯಿಂದ ಹೊರಬಿದ್ದ ಟೇಪ್‌ರೆಕಾರ್ಡರು ಸೇರಿದ ರೇಡಿಯೊ, ಕೈಗಡಿಯಾರ, ಸೆಂಟು, ಟೈಗರ್ ಬಾಮ್, ಮಿರುಗುವ ಸೀರೆಬಟ್ಟೆಗಳು ಭಟ್ಕಳದ ಅಂಗಡಿಗಳಿಗೂ ಹರಿದುಬಂದು, ಫಾರಿನ್ ಸಾಮಾನು ಬೇಕೆಂದರೆ ಬೈಂದೂರು ಕಡೆಯವರು ಉತ್ತರದ ಬಸ್ಸು ಹತ್ತುವುದು ರೂಢಿಯಾಯಿತು. ಮದುವೆಯ ಉಡುಗೊರೆಗೆ, ಮಗನ ಪರೀಕ್ಷೆಯ ಪಾಸಿಗೆ ಅಲ್ಲಿಯ ಒಂದು ವಾಚು ತಂದರೆ ಅದಕ್ಕೆ ಬೇರೆಯೇ ತೂಕ. ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ, ರಸೀದಿಯ ಮಾತು ದೂರ. 1991ರ ಉದಾರೀಕರಣದ ನಂತರ ಅದೇ ವಸ್ತುಗಳು ಕ್ರಮೇಣ ಕುಂದಾಪುರದ ಅಂಗಡಿಗಳಲ್ಲೂ ಯಡ್ತರೆಯ ಜಂಕ್ಷನ್ನಿನಲ್ಲೂ ಸಿಗತೊಡಗಿದವು, ಆ ಪ್ರಯಾಣಕ್ಕಿದ್ದ ಸಂಭ್ರಮ ತಾನಾಗಿ ಇಳಿಯಿತು.

ಬ್ಯಾಂಕುಗಳ ಕತೆ ಮಾತ್ರ ಬೇರೆ ದಿಕ್ಕು ಹಿಡಿಯಿತು. ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ, ಕಾರ್ಪೊರೇಷನ್ ಬ್ಯಾಂಕ್ 1980ರಲ್ಲಿ ರಾಷ್ಟ್ರೀಕರಣಗೊಂಡು ದೇಶವ್ಯಾಪಿಯಾಗಿ ಬೆಳೆದವು; 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 38 ರೂಪಾಯಿ 13 ಆಣೆ 2 ಪೈಗಳಿಂದ ಉಡುಪಿಯಲ್ಲಿ ಶುರುವಾದ ಸಂಸ್ಥೆಯ ವ್ಯವಹಾರ ಈಗ ಮುಂಬಯಿಯ ಪ್ರಧಾನ ಕಚೇರಿಗೆ ಸೇರಿದೆ. ಬ್ಯಾಂಕುಗಳ ಬಗ್ಗೆ ರಾಜ್ಯದ ಅನೇಕ ಕಡೆಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಬೇಡಿಕೆ ಹೊಸ ಸೇವೆಯದಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬಲ್ಲವರು ಇರಬೇಕು, ಚಲನ್ ಕನ್ನಡದಲ್ಲಿ ಇರಬೇಕು ಎಂಬುದು.