ರಿಜಿಸ್ಟರಿನಲ್ಲಿ 0.75

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಒಂದು ಊರಿದೆ. 2000ನೇ ಇಸವಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4,800. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ಆ ಊರಿನ ನೀರು ಸರಬರಾಜಿನ ರಿಜಿಸ್ಟರಿನಲ್ಲಿ ಕ್ಲೋರಿನ್ ಕಾಲಮ್ಮಿಗೆ ಹೆಚ್ಚುಕಮ್ಮಿ ಎರಡೇ ಅಂಕಿ: 0.5, ಇಲ್ಲವೇ 0.75. ಮಳೆ ಬರಲಿ, ಬಿಸಿಲಿರಲಿ, ಅದೇ. ಲಾಗ್ ಓದಿ ಸಂಬಳ ತಗೊಳ್ಳುವ ನನ್ನಂಥವನಿಗೆ ಇದನ್ನು ನೋಡಿದರೆ ಅನುಮಾನ ಬರಲೇಬೇಕು. ನಿಜವಾಗಿ ಅಳೆದ ಅಂಕಿ ಇಷ್ಟು ಶಿಸ್ತಾಗಿ ಇರೋದಿಲ್ಲ.

ಅವು ಅಳೆಯದೇ ಬರೆದ ಅಂಕಿಗಳಾಗಿದ್ದವು.

ಈ ಅಂಕಿ ಯಾಕೆ ಮುಖ್ಯ ಅಂತ ಸ್ವಲ್ಪ ಹೇಳಬೇಕು. ನೀರಿಗೆ ಹಾಕಿದ ಕ್ಲೋರಿನ್‌ನಲ್ಲಿ ಒಂದು ಪಾಲು ಕೊಳೆ, ಬ್ಯಾಕ್ಟೀರಿಯಾಗಳ ಮೇಲೆ ಖರ್ಚಾಗುತ್ತದೆ. ಅಳೆಯೋದು ಮಿಕ್ಕಿದ್ದನ್ನು. ಅಲ್ಲಿನ ನಿಯಮದಂತೆ 15 ನಿಮಿಷ ಕಳೆದ ಮೇಲೂ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಉಳಿದಿಲ್ಲ ಅಂದರೆ, ಹಾಕಿದ್ದು ಕಮ್ಮಿಯಾಯಿತು ಅಂತಲೋ, ನೀರಿಗೆ ಎಂದಿಗಿಂತ ಹೆಚ್ಚು ಕೊಳೆ ಸೇರಿದೆ ಅಂತಲೋ ಅರ್ಥ. ಅಂದರೆ ಈ ಸಂಖ್ಯೆ ಒಂದು ಅಲಾರಂ. ಕೆಲವೇ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ.

2000ದ ಮೇ ತಿಂಗಳ ಎರಡನೇ ವಾರ ವಾಕರ್ಟನ್‌ನಲ್ಲಿ ಜೋರು ಮಳೆ. ಊರಿನ 5ನೇ ನಂಬರ್ ಬಾವಿ ಹೆಚ್ಚು ಆಳದ್ದಲ್ಲ, ಪಕ್ಕದಲ್ಲೇ ದನದ ಗೊಬ್ಬರ ಹಾಕಿದ ಜಮೀನು. ಮಳೆನೀರಿನ ಜೊತೆ ಗೊಬ್ಬರದ ಬ್ಯಾಕ್ಟೀರಿಯಾ ಬಾವಿಗಿಳಿಯಿತು. ಇ. ಕೋಲಿ ಒ157 ಅನ್ನುವ, ಮೂತ್ರಪಿಂಡವನ್ನೇ ಕೆಡಿಸಬಲ್ಲ ಜಾತಿಯದು. ರೈತನದು ತಪ್ಪೇನಿಲ್ಲ ಅಂತ ಆಮೇಲೆ ವಿಚಾರಣೆ ಸ್ಪಷ್ಟವಾಗಿ ಹೇಳಿತು. ಬಾವಿಯಿದ್ದ ಜಾಗವೇ ಅಂಥದ್ದು, ಅದಕ್ಕೆ ಅನುಮತಿ ಕೊಟ್ಟಾಗ ಇಲಾಖೆ ಒಂದು ಷರತ್ತೂ ಹಾಕಿರಲಿಲ್ಲ.

ಮೇ 15ಕ್ಕೆ ನೀರಿನ ಸ್ಯಾಂಪಲ್ ಹೋಯಿತು. 17ಕ್ಕೆ ಲ್ಯಾಬಿನಿಂದ ಫ್ಯಾಕ್ಸ್: ನೀರು ಕೆಟ್ಟಿದೆ. ಫ್ಯಾಕ್ಸ್ ಬಂದಿದ್ದು ನೀರು ಬಿಡುವವರ ಆಫೀಸಿಗೆ ಮಾತ್ರ. 1996ರಲ್ಲಿ ಸರ್ಕಾರ ಪರೀಕ್ಷೆಯ ಕೆಲಸವನ್ನು ಖಾಸಗಿ ಲ್ಯಾಬ್‌ಗಳಿಗೆ ಬಿಟ್ಟಿತ್ತು, ಕೆಟ್ಟ ರಿಸಲ್ಟ್ ಬಂದರೆ ಆರೋಗ್ಯಾಧಿಕಾರಿಗೂ ತಿಳಿಸಲೇಬೇಕು ಅಂತ ಕಾನೂನು ಮಾಡಿರಲಿಲ್ಲ. 19ಕ್ಕೆ ಆರೋಗ್ಯ ಇಲಾಖೆಯವರೇ ಫೋನ್ ಮಾಡಿ ಕೇಳಿದರು, ಮಕ್ಕಳಿಗೆ ರಕ್ತಭೇದಿ ಆಗ್ತಿದೆ, ನೀರು ಸರಿಯಿದೆಯಾ? ಸರಿಯಿದೆ ಅಂತ ಉತ್ತರ ಬಂತು. 21ಕ್ಕೆ ಆರೋಗ್ಯಾಧಿಕಾರಿ ತಮ್ಮ ಅನುಮಾನದ ಮೇಲೆಯೇ ನೀರು ಕುದಿಸಿ ಕುಡಿಯಿರಿ ಅಂತ ಸಾರಿದರು. ಕೊನೆಗೆ 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ನನ್ನನ್ನು ನಿಲ್ಲಿಸಿದ್ದು ನ್ಯಾಯಮೂರ್ತಿ ಡೆನ್ನಿಸ್ ಓ'ಕಾನರ್ ಅವರ 2002ರ ವರದಿಯ ಒಂದು ಲೆಕ್ಕ. 19ಕ್ಕೇ ಸತ್ಯ ಹೇಳಿದ್ದರೂ 300ರಿಂದ 400 ಜನರ ಕಾಯಿಲೆ ತಪ್ಪುತ್ತಿತ್ತು, ಸಾವುಗಳು ತಪ್ಪುವುದು ಅನುಮಾನವಿತ್ತಂತೆ. ಅಷ್ಟರಲ್ಲಿ ಜನ ಕುಡಿದಾಗಿತ್ತು. ನಲ್ಲಿ ನೀರಿನ ಲ್ಯಾಬ್ ರಿಪೋರ್ಟು ಯಾವಾಗಲೂ ಕುಡಿದವರ ಹೊಟ್ಟೆಗಿಂತ ತಡವಾಗಿ ಬರುತ್ತದೆ. ಬಾವಿಯಲ್ಲೇ ಕ್ಲೋರಿನ್ನನ್ನು ಸದಾ ಅಳೆಯುವ ಯಂತ್ರವಿದ್ದಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲ ಅಂತಲೂ ವರದಿ ಹೇಳಿತು. ಇಂಥ ಬಾವಿಗಳಿಗೆ ಯಂತ್ರ ಬೇಕು ಅಂತ 1994ರಲ್ಲೇ ಬರೆದಿದ್ದರು, ಆದರೆ ಹಳೆಯ ಬಾವಿಗಳ ಫೈಲನ್ನು ಯಾರೂ ತೆಗೆದು ನೋಡಿರಲಿಲ್ಲ.

ರಿಜಿಸ್ಟರ್ ಬರೆದ ಸಹೋದರರಿಬ್ಬರಿಗೆ ಶಿಕ್ಷೆಯಾಯಿತು. ಅವರನ್ನು ಬೈಯೋದು ಸುಲಭ. ಆದರೆ ಅವರೂ ಅದೇ ನೀರು ಕುಡಿಯುತ್ತಿದ್ದವರು! ಆ ನೀರು ಶುದ್ಧ ಅಂತ ನಿಜವಾಗಿ ನಂಬಿದ್ದರು. ತರಬೇತಿ ಇಲ್ಲ, ಹಳಬರು ಅಂತ ಸರ್ಟಿಫಿಕೇಟ್ ಸಿಕ್ಕಿತ್ತು, ಕ್ಲೋರಿನ್ ವಾಸನೆ ಅಂತ ಜನರೂ ಗೊಣಗುತ್ತಿದ್ದರು. ನಾನೂ ಒಮ್ಮೆ ರಾತ್ರಿ ಡ್ಯೂಟಿಯಲ್ಲಿ ಡ್ಯಾಶ್‌ಬೋರ್ಡ್ ತೆರೆಯದೇ 'ಎಲ್ಲ ಹಸಿರು' ಅಂತ ಬರೆದು ಮಲಗಿದ್ದೇನೆ. ನನ್ನ ತಪ್ಪಿನಿಂದ ನಿಂತಿದ್ದು ಯಾರದೋ ಬಿಲ್ ಪ್ರಿಂಟ್ ಅಷ್ಟೇ, ಅದು ನನ್ನ ಅದೃಷ್ಟ.

ಕಾಯಿಸಿ ಪರೀಕ್ಷಿಸುವ ಬದಲು ಎಲ್ಲಿ ಕೆಡಬಹುದೋ ಅಲ್ಲೇ ಕಾವಲು ಕೂರೋದು ಅನ್ನುವ ವಿಧಾನ ಶುರುವಾಗಿದ್ದು ನೀರಿನಲ್ಲಲ್ಲ, 1960ರ ದಶಕದಲ್ಲಿ ನಾಸಾದ ಗಗನಯಾತ್ರಿಗಳ ಊಟದಲ್ಲಿ. ಪಿಲ್ಸ್‌ಬರಿ ಕಂಪನಿಗೆ ಒಂದು ಪೇಚಾಟ: ಪೊಟ್ಟಣ ಒಡೆದು ಪರೀಕ್ಷಿಸುತ್ತಾ ಹೋದರೆ ತಿನ್ನಲು ಉಳಿಯೋದೇನು? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದೇ ಯೋಚನೆಯನ್ನು ನೀರಿಗೆ ತಂದು, ಜಲಮೂಲದಿಂದ ನಲ್ಲಿವರೆಗೆ ಪ್ರತಿ ಹಂತದ ಅಪಾಯ ಪಟ್ಟಿ ಮಾಡಿ ಅಂತ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಒಂಟಾರಿಯೊ 2002ರಲ್ಲಿ ಕುಡಿಯುವ ನೀರಿಗೇ ಕಾನೂನು ಮಾಡಿತು. ಲ್ಯಾಬ್ ಈಗ ಕೆಟ್ಟ ರಿಸಲ್ಟನ್ನು ತಕ್ಷಣ ಆರೋಗ್ಯಾಧಿಕಾರಿಗೂ ತಿಳಿಸಬೇಕು. 2006ರ ಕಾನೂನು ಜಲಮೂಲದ ಸುತ್ತಲಿನ ಜಮೀನಿನವರೆಗೂ ಹೋಯಿತು. 2012ರ ಕೊನೆಯಿಂದ ನೀರಿನ ವ್ಯವಸ್ಥೆಯ ಉಸ್ತುವಾರಿಯಲ್ಲಿ ಅಸಡ್ಡೆ ತೋರಿದ ಕೌನ್ಸಿಲರನ್ನೂ ಕೋರ್ಟಿಗೆ ಎಳೆಯಬಹುದು. ನನಗೆ ಇಷ್ಟವಾದ ಕಲಮು ಇದೇ.

ಇದನ್ನೆಲ್ಲ ಓದಿಕೊಂಡು ಯುಗಾದಿಗೆ ಊರಿಗೆ ಹೋದೆ. ನಮ್ಮೂರ ಓವರ್‌ಹೆಡ್ ಟ್ಯಾಂಕಿನ ಮೇಲೆ 'ಸ್ವಚ್ಛಗೊಳಿಸಿದ ದಿನಾಂಕ' ಅಂತ ನೀಲಿ ಬಣ್ಣದಲ್ಲಿ ಬರೆದಿರುತ್ತಾರೆ. ಹೊಸ ದಿನಾಂಕವೇ ಇತ್ತು. ಹಳೆಯ ನೀರುಗಂಟಿಯ ಮಗ ಈಗ ಆ ಕೆಲಸ ಮಾಡ್ತಾನೆ.

"ಮೇಲೆ ಹತ್ತಿ ತೊಳೆದ್ಯೇನೋ, ಇಲ್ಲಾ ಡೇಟ್ ಅಷ್ಟೇ ಬರೆದ್ಯೋ?"

ಅವನು ನಗಲಿಲ್ಲ. "ಏಣಿ ಮೂರು ಮೆಟ್ಲು ಕಿತ್ತೋಗವೆ ಅಣ್ಣ. ಹೇಳಿ ಎಂಟ್ ತಿಂಗ್ಳಾಯ್ತು. ಡೇಟ್ ಬರೀದಿದ್ರೆ ಬಿಲ್ ಆಗಲ್ಲ. ಕೆಳಗಿಂದ್ಲೇ ಬ್ಲೀಚಿಂಗ್ ಪುಡಿ ಎಷ್ಟು ಹಾಕ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ, ನಿಂಗೊತ್ತಾ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಬೈಕ್ ಹತ್ತಿ ಮೊದಲು ವೆಲ್ಡಿಂಗ್ ಅಂಗಡಿಗೆ ಹೋದೆವು.