ಟೈಮಿಂಗ್ ಪಿನ್ನು: ಒರಿಜಿನಲ್ಲೋ, ಜೆ.ಸಿ. ರೋಡಿನದ್ದೋ?

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ನಮ್ಮ ಪುಟ್ಟೇನಹಳ್ಳಿ ಕಡೆಯ ಮೆಕ್ಯಾನಿಕ್ಕಿಗೂ ಟೈಮಿಂಗ್ ಕೂರಿಸಲು ಕಣ್ಣೇ ಸಾಕಿತ್ತು: ಸ್ಪ್ರಾಕೆಟ್ಟುಗಳ ಗುರುತು ಸೇರಿಸಿದರೆ ಮುಗೀತು. 1983ರ ಮಾರುತಿ 800 ಚೈನು ಬಿಟ್ಟು ಬೆಲ್ಟು ತಂದರೂ ಗುರುತು ಉಳಿಸಿಕೊಂಡಿತ್ತು. ಆಟ ಬದಲಾಗಿದ್ದು 2007ರಲ್ಲಿ, ಸ್ವಿಫ್ಟ್‌ಗೆ ಫಿಯೆಟ್‌ನ 1.3 ಡೀಸೆಲ್ ಇಂಜಿನ್ ಬಂದಾಗ. ಇದರಲ್ಲಿ ಕ್ಯಾಮು, ಕ್ರ್ಯಾಂಕು ಎರಡನ್ನೂ ಪಿನ್ನು ಹಾಕಿ ಲಾಕ್ ಮಾಡಬೇಕು.

ಕಂಪನಿ ಸೆಟ್ಟು ದುಬಾರಿ, ಹೊರಗಿನದ್ದು ಅಗ್ಗ. ಅಗ್ಗದ್ದೆಲ್ಲ ಕೆಟ್ಟದ್ದಲ್ಲ ಬಿಡಿ. ಆದರೆ ಪಿನ್ನು ಕೂದಲೆಳೆಯಷ್ಟು ಸಣ್ಣದಾದರೂ ಕ್ಯಾಮು ಅಲ್ಲಾಡುತ್ತೆ. ಟೈಮಿಂಗ್ ತೀರಾ ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ. (ಆ ಪಿನ್ನಿನ ಬಲದ ಮೇಲೇ ಬೋಲ್ಟು ಬಿಗಿಯೋ ಮಹಾನುಭಾವರ ಕೈಗೆ ಒರಿಜಿನಲ್ ಕೊಟ್ಟರೂ ಅಷ್ಟೇ!) ವರ್ಷಕ್ಕೆ ನಾಕು ಇಂಜಿನ್ ಬಿಚ್ಚೋ ಗ್ಯಾರೇಜಿಗೆ, ನನ್ನ ಪ್ರಕಾರ, ಹೊರಗಿನದ್ದೇ ಸಾಕು. ಪರಿಚಯದವರ ಹತ್ರ ಇರೋ ಒರಿಜಿನಲ್ ಪಿನ್ನಿನ ಜೊತೆ ಮೈಕ್ರೋಮೀಟರಿನಲ್ಲಿ ಅಳೆದು ನೋಡಿಯೇ ದುಡ್ಡು ಕೊಡಲಿ.